ಮೂಗಿನ ನೇರಕ್ಕೆ: ಮಾಸ್ಕ್ ತೆಗೆಯದ ಹುಡುಗನ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಈ ಹುಡುಗ ಒಬ್ಬನಲ್ಲ. ಸಲಹೆ ಕೇಳಿ ಬಂದ ಹಲವು ಮಕ್ಕಳ ಕಥೆಯಿಂದ ಒಂದೊಂದು ತುಂಡು ತೆಗೆದು, ಗುರುತು ಸಿಗದ ಹಾಗೆ ಹೊಲಿದು ಒಬ್ಬನನ್ನಾಗಿ ಮಾಡಿದ್ದೇನೆ. ಹೆಸರು ಇಟ್ಟಿಲ್ಲ. ಹುಡುಗ ಅಂದರೆ ಸಾಕು. ವಯಸ್ಸು 15.

ಬಂದದ್ದು ಬೇರೆ ಕಾರಣಕ್ಕೆ

ಅವನ ಅಮ್ಮ ಫೋನಿನಲ್ಲಿ ಹೇಳಿದ್ದು ಓದಿನ ವಿಷಯ. "ಮಾರ್ಕ್ಸ್ ಇಳಿದುಬಿಟ್ಟಿದೆ ಮೇಡಂ. ಬಾತ್‌ರೂಮಿಗೆ ಹೋದ್ರೆ ಮುಕ್ಕಾಲು ಗಂಟೆ ಹೊರಗೆ ಬರಲ್ಲ. ಫೋನ್ ಚಟ ಇರ್ಬೇಕು." ಮೂಗಿನ ಮಾತು ಎಲ್ಲೂ ಬರಲಿಲ್ಲ.

ಹುಡುಗ ಮಾಸ್ಕ್ ಹಾಕಿಕೊಂಡು ಬಂದ. ಅಷ್ಟು ಹೊತ್ತಿಗೆ ಕೋವಿಡ್ ಭಯ ಕಳೆದು, ಎಲ್ಲರ ಮಾಸ್ಕೂ ಡ್ರಾಯರ್ ಸೇರಿ ವರ್ಷವಾಗಿತ್ತು. ಇವನದು ಮಾತ್ರ ಮುಖದ ಮೇಲೇ ಇತ್ತು. ಯಾರಾದರೂ ಕೇಳಿದರೆ ಧೂಳಿನ ಅಲರ್ಜಿ ಅನ್ನುತ್ತಿದ್ದನಂತೆ. ಕೂರುವ ಮೊದಲು ಕುರ್ಚಿಯನ್ನು ಸ್ವಲ್ಪ ಎಳೆದು, ಬಲಗೆನ್ನೆ ಗೋಡೆಯ ಕಡೆ ಬರುವ ಹಾಗೆ ತಿರುಗಿಸಿಕೊಂಡ. ಯಾಕೆ ಅಂದೆ. "ಫ್ಯಾನ್ ಗಾಳಿ ಜಾಸ್ತಿ ಮೇಡಂ" ಅಂದ. ಫ್ಯಾನ್ ಹಾಕಿರಲೇ ಇಲ್ಲ.

ಎರಡು ಭೇಟಿ ಪರೀಕ್ಷೆ, ನಿದ್ದೆ, ಕ್ರಿಕೆಟ್ ಅಂತ ಮಾತಾಡಿ ಕಳೆದವು. ಮೂರನೇ ಸಲ ಅಮ್ಮ ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ, "ನೀವು ನಿಜ ಹೇಳ್ತೀರಾ?" ಅಂತ ಕೇಳಿ, ಮಾಸ್ಕನ್ನು ಗಲ್ಲದವರೆಗೆ ಇಳಿಸಿದ. ಎರಡು ಸೆಕೆಂಡ್ ಇರಬಹುದು. ಮತ್ತೆ ಏರಿಸಿದ.

"ನೋಡಿದ್ರಾ?"

ನೋಡಿದ್ದೆ. ಮೂಗು ಇದ್ದ ಹಾಗಿತ್ತು. ಉಳಿದ ಮುಖ ಇನ್ನೂ ಮಗುವಿನದು, ಮೂಗು ಮಾತ್ರ ಸ್ವಲ್ಪ ಮುಂದೆ ಓಡಿತ್ತು, ಆ ವಯಸ್ಸಿನ ಬಹಳ ಮಕ್ಕಳಿಗೆ ಇರುವ ಹಾಗೇ. "ಏನೂ ಇಲ್ವಲ್ಲೋ, ಚೆನ್ನಾಗೇ ಇದೆ" ಅನ್ನುವ ಮಾತು ನಾಲಿಗೆ ತುದಿಗೆ ಬಂತು. ತಡೆದೆ. ಬದಲಿಗೆ ಕೇಳಿದೆ: "ನೋಡಿದೆ. ಚೆನ್ನಾಗಿದೆ ಅಂತ ನಾನು ಹೇಳಿದ್ರೆ, ಅದು ನಿನಗೆ ಎಷ್ಟು ಹೊತ್ತು ಸಾಲುತ್ತೆ?"

ಅವನು ನಿಜವಾಗಿ ಲೆಕ್ಕ ಹಾಕಿದ. "ಮನೆ ಮುಟ್ಟೋವರೆಗೆ" ಅಂದ.

ಈ ಪ್ರಕರಣದ ಅರ್ಧ ಆ ಉತ್ತರದಲ್ಲೇ ಇತ್ತು. ಅದು ನನಗೆ ಪೂರ್ತಿ ಅರ್ಥವಾಗಿದ್ದು ಮಾತ್ರ ತಡವಾಗಿ.

'ಗಣಿತ' ಅನ್ನುವ ಆಲ್ಬಂ

ಮುಂದಿನ ವಾರ ಫೋನ್ ತೋರಿಸಿದ. ಅದರಲ್ಲಿ 'ಗಣಿತ' ಅನ್ನುವ ಹೆಸರಿನ ಆಲ್ಬಂ. ಅಮ್ಮ ತೆಗೆದು ನೋಡದಿರಲಿ ಅಂತ ಆ ಹೆಸರು. ಒಳಗೆ ಸಾವಿರದ ಮೇಲೆ ಫೋಟೋ, ನಾಲ್ಕು ತಿಂಗಳಲ್ಲಿ ತೆಗೆದವು. ಎಲ್ಲವೂ ಮೂಗಿನವೇ. ಎಡದಿಂದ, ಬಲದಿಂದ, ಕೆಳಗಿನಿಂದ. ಕಿಟಕಿ ಬೆಳಕಿನಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ. ನಕ್ಕಾಗ ಒಂದು, ನಗದೇ ಇದ್ದಾಗ ಒಂದು. ಜಾಮಿಟ್ರಿ ಬಾಕ್ಸಿನ ಸ್ಕೇಲ್ ಇಟ್ಟು ಸ್ಕ್ರೀನಿನ ಮೇಲೆ ಅಳತೆ ಮಾಡಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದ. ಹಾಗಾಗಿ ಗಣಿತ ಅನ್ನುವ ಹೆಸರು ಪೂರ್ತಿ ಸುಳ್ಳೂ ಅಲ್ಲ.

ಮೂಗಿನ ಎರಡೂ ಪಕ್ಕ ಸಣ್ಣ ಕೆಂಪು ಗುರುತಿತ್ತು. ರಾತ್ರಿ ಕ್ಲಿಪ್ ಹಾಕಿಕೊಂಡು ಮಲಗಿದರೆ ಮೂಗು ಸಣ್ಣದಾಗುತ್ತದೆ ಅಂತ ಯಾವುದೋ ವಿಡಿಯೋ ಹೇಳಿತ್ತಂತೆ. ಅದು ಆಗದ ಕೆಲಸ. ಆದರೆ ಅವನು ಆರು ವಾರ ಬಾಯಲ್ಲಿ ಉಸಿರಾಡಿಕೊಂಡು ಮಲಗಿದ್ದ. ಮಾರ್ಕ್ಸ್ ಇಳಿಯದೇ ಇನ್ನೇನಾಗುತ್ತದೆ?

ದಿನಕ್ಕೆ ಎಷ್ಟು ಹೊತ್ತು ಇದರ ಯೋಚನೆ ಅಂತ ಇಬ್ಬರೂ ಕೂತು ಕೂಡಿಸಿದೆವು. ಕನ್ನಡಿ, ಫೋಟೋ, ಅಳತೆ, ವಿಡಿಯೋ, ಬೇರೆಯವರ ಮೂಗು ನೋಡುವುದು. ಎಲ್ಲ ಸೇರಿ ಮೂರೂವರೆ ಗಂಟೆ. ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋಗುವವರೆಗೆ ಕಾದು, ಒಬ್ಬನೇ ಗೋಡೆ ನೋಡಿಕೊಂಡು ಡಬ್ಬಿ ಮುಗಿಸುತ್ತಿದ್ದ. ಕ್ರಿಕೆಟ್ ಬಿಟ್ಟಿದ್ದ. ಮಾಸ್ಕ್ ಹಾಕಿಕೊಂಡು ಬೌಲಿಂಗ್ ಮಾಡಲಾಗುವುದಿಲ್ಲ ನೋಡಿ.

ಎಲ್ಲಿ ಶುರುವಾಯಿತು

12 ವರ್ಷದವರೆಗೆ ತನಗೊಂದು ಮೂಗಿದೆ ಅನ್ನುವುದೇ ಅವನಿಗೆ ನೆನಪಿರಲಿಲ್ಲ. ಆಮೇಲೆ 2020 ಬಂತು, ಆನ್‌ಲೈನ್ ಕ್ಲಾಸ್ ಬಂತು. ಸ್ಕ್ರೀನಿನ ಮೂಲೆಯಲ್ಲಿ ತನ್ನದೇ ಪುಟ್ಟ ಚೌಕ. ಫೋನನ್ನು ಪುಸ್ತಕಕ್ಕೆ ಒರಗಿಸಿ ಇಟ್ಟಿದ್ದರಿಂದ ಮುಖ ಕೆಳಗಿನಿಂದ ಕಾಣುತ್ತಿತ್ತು, ಮೂಗಿನ ಹೊಳ್ಳೆ ಮೊದಲು, ಕಣ್ಣು ಆಮೇಲೆ. ತನ್ನ ಮುಖವನ್ನೇ ನೋಡಿಕೊಂಡು ದಿನಕ್ಕೆ ನಾಲ್ಕೈದು ಗಂಟೆ ಪಾಠ ಕೇಳುವ ಪಾಡು ಹಿಂದಿನ ಯಾವ ತಲೆಮಾರಿನ ಮಕ್ಕಳಿಗೂ ಬಂದಿರಲಿಲ್ಲ.

ಅದೇ ಹೊತ್ತಿಗೆ ಮೈ ಬದಲಾಗಲು ಶುರುವಾಗಿತ್ತು. ಹದಿಹರೆಯದಲ್ಲಿ ಮೈಯೆಲ್ಲ ಒಟ್ಟಿಗೆ ಬೆಳೆಯುವುದಿಲ್ಲ. ಕೈಕಾಲು ಮೊದಲು ಉದ್ದವಾಗುತ್ತವೆ, ಮುಂಡ ಆಮೇಲೆ. ಮುಖದಲ್ಲೂ ಅಷ್ಟೇ, ಮೂಗು ಚಾಚಿಕೊಂಡಾಗ ದವಡೆ ಇನ್ನೂ ಹಿಂದೆ ಉಳಿದಿರಬಹುದು. ಗಂಡುಮಕ್ಕಳ ದವಡೆ 18ರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಅಂದರೆ ಈ ಹುಡುಗ ಸ್ಕೇಲ್ ಇಟ್ಟು ಅಳೆಯುತ್ತಿದ್ದದ್ದು ಇನ್ನೂ ಕಟ್ಟುತ್ತಿರುವ ಮನೆಯನ್ನು.

ಆಮೇಲೆ ಒಂದು ದಿನ ನೆಂಟರೆಲ್ಲ ಸೇರಿದ್ದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನ ಮಗ ಇವನನ್ನು ನೋಡಿ ಕೂಗಿದ: "ದಾರಿ ಬಿಡ್ರಪ್ಪ, ಮೂಗು ಬಂತು. ಹಿಂದೆ ಇವನೂ ಬರ್ತಿದಾನೆ." ಎಲ್ಲರೂ ನಕ್ಕರು. ಇವನೂ ನಕ್ಕ. ಆ ಅಣ್ಣ ಕೆಟ್ಟವನೇನಲ್ಲ, ಇವನಿಗೆ ಬ್ಯಾಟ್ ಹಿಡಿಯುವುದನ್ನು ಕಲಿಸಿದವನೇ ಅವನು.

ಇಂಥ ಮಾತು ಎಲ್ಲ ಮನೆಯಲ್ಲೂ ಬರುತ್ತದೆ, ಎಲ್ಲ ಮಕ್ಕಳಿಗೂ ಅಂಟುವುದಿಲ್ಲ. ಇವನಿಗೆ ಯಾಕೆ ಅಂಟಿತು? ಕೇಳಿದಾಗ ಅವನು ಹೇಳಿದ್ದು ನನಗೆ ಹೊಳೆದೇ ಇರದ ಕಾರಣ. "ಅಮ್ಮಾನೂ ನಕ್ಕಳು ಮೇಡಂ. ಅಮ್ಮ ನಕ್ಕಳು ಅಂದ್ರೆ ಅದು ನಿಜ ಅಂತ ಅಲ್ವಾ?"

ಅಮ್ಮನಿಗೆ ಆ ದಿನವೇ ನೆನಪಿರಲಿಲ್ಲ.

ಆ ಮನೆಯಲ್ಲಿ ಮೈ ಬಗ್ಗೆ ಮಾತು ಮೊದಲಿನಿಂದಲೂ ಇತ್ತು. ಅವನ ಬಗ್ಗೆ ಅಲ್ಲ. ಅಮ್ಮ ಯಾವ ಫೋಟೋದಲ್ಲೂ ಮುಂದೆ ನಿಲ್ಲುವವರಲ್ಲ. "ನಾನು ಹಿಂದೆ ಇರ್ತೀನಿ, ದಪ್ಪ ಕಾಣ್ತೀನಿ" ಅನ್ನುವುದು ಅವರಿಗೆ ಬಾಯಿಪಾಠ. ಮಗನಿಗೆ ಅವರು ಒಂದು ದಿನವೂ ಕೆಟ್ಟದ್ದು ಅಂದವರಲ್ಲ. ಆದರೆ ಮೈಯನ್ನು ನೋಡಬೇಕಾದ್ದು ತಪ್ಪು ಹುಡುಕುವುದಕ್ಕೆ ಅನ್ನುವ ಪಾಠ ಕಿವಿಗೆ ಬೀಳುತ್ತಲೇ ಇತ್ತು. ಮನೆ, ಗೆಳೆಯರು, ಮಾಧ್ಯಮ ಈ ಮೂರು ದಾರಿಯಿಂದ ಮೈ ಬಗ್ಗೆ ಒತ್ತಡ ಬರುತ್ತದೆ ಅಂತ ಮನೋವಿಜ್ಞಾನಿ ಕೆವಿನ್ ಥಾಂಪ್ಸನ್ ಮತ್ತು ಸಂಗಡಿಗರು 1999ರಲ್ಲಿ ಒಂದು ಚೌಕಟ್ಟು ಕೊಟ್ಟರು. ಅದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಅದರ ಎರಡನೇ ಭಾಗ. ಒತ್ತಡ ನೇರವಾಗಿ ನೋವಾಗುವುದಿಲ್ಲ, ಎರಡು ಬಾಗಿಲು ದಾಟಿ ಒಳಗೆ ಬರುತ್ತದೆ. ಒಂದು ಹೋಲಿಕೆ. ಇನ್ನೊಂದು, ಹೊರಗಿನ ಅಳತೆಗೋಲನ್ನು ತನ್ನದೇ ಅಂತ ಒಪ್ಪಿಕೊಳ್ಳುವುದು.

ಹೋಲಿಕೆ ಮನುಷ್ಯರ ಹಳೇ ಚಾಳಿ. ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದ: ಅಳೆಯಲು ಗಟ್ಟಿಯಾದ ಗೋಲು ಸಿಗದಿದ್ದರೆ ಜನ ಅಕ್ಕಪಕ್ಕದವರನ್ನೇ ಗೋಲು ಮಾಡಿಕೊಳ್ಳುತ್ತಾರೆ. ಈ ಹುಡುಗನ ಕ್ಲಾಸಿನಲ್ಲಿ 40ಕ್ಕೂ ಹೆಚ್ಚು ಮಕ್ಕಳಿದ್ದರು. ಅವನು ಹೋಲಿಸಿಕೊಳ್ಳುತ್ತಿದ್ದದ್ದು ಮೂವರ ಜೊತೆ ಮಾತ್ರ. ಮೂವರದೂ ಸಣ್ಣ ಮೂಗು. "ಉಳಿದವರ ಮೂಗು ಹೇಗಿದೆ?" ಅಂದೆ. ಗೊತ್ತಿಲ್ಲ ಅಂದ. ಮೂರು ವರ್ಷ ಜೊತೆಯಲ್ಲಿ ಕೂತವನಿಗೆ ಉಳಿದವರ ಮೂಗು ಕಂಡೇ ಇರಲಿಲ್ಲ!

ಒಳಗೆ ತಿರುಗುತ್ತಿದ್ದ ಚಕ್ರ

ಶುರುವಾಗಿದ್ದು ಹೇಗೆ ಅನ್ನುವುದು ಒಂದು ಪ್ರಶ್ನೆ, ನಿಲ್ಲದೇ ಇರುವುದು ಯಾಕೆ ಅನ್ನುವುದು ಬೇರೆಯೇ ಪ್ರಶ್ನೆ. ಮನೆಯವರು ಮೊದಲನೆಯದನ್ನೇ ಹಿಡಿದುಕೊಳ್ಳುತ್ತಾರೆ. ಯಾರು ಏನು ಅಂದರು, ಯಾವ ಹುಡುಗ ಚುಡಾಯಿಸಿದ. ನನ್ನ ಅನುಭವದಲ್ಲಿ ಬಿಡಿಸಲು ಸಿಗುವುದು ಎರಡನೆಯದು.

ಇವನ ದಿನ ಹೀಗೆ ತಿರುಗುತ್ತಿತ್ತು. ಯಾರೋ ಪಕ್ಕದಲ್ಲಿ ನಗುತ್ತಾರೆ. ಇವನಿಗೆ ಮೂಗು ಸುಡುತ್ತದೆ, ನಿಜವಾಗಿ ಬಿಸಿಯಾದ ಹಾಗೆ. ನೋಡಿಕೊಳ್ಳಬೇಕು ಅನ್ನಿಸುತ್ತದೆ. ಬಾತ್‌ರೂಮಿಗೆ ಹೋಗಿ ಕನ್ನಡಿಗೆ ಒಂದು ಗೇಣು ದೂರ ನಿಲ್ಲುತ್ತಾನೆ. ಅಷ್ಟು ಹತ್ತಿರದಲ್ಲಿ ಮುಖ ಕಾಣುವುದಿಲ್ಲ, ಮೂಗು ಮಾತ್ರ ಕಾಣುತ್ತದೆ. ನೋಡನೋಡುತ್ತ ದೊಡ್ಡದಾಗುತ್ತದೆ. ಒಂದೇ ಪದವನ್ನು ಐವತ್ತು ಸಲ ಹೇಳಿದರೆ ಅದು ಪದವೇ ಅಲ್ಲ ಅನ್ನಿಸುತ್ತದಲ್ಲ, ಹಾಗೆ. ಇಂಥ ತೊಂದರೆ ಏನೂ ಇಲ್ಲದವರನ್ನು ಹತ್ತು ನಿಮಿಷ ಕನ್ನಡಿ ಮುಂದೆ ನಿಲ್ಲಿಸಿದರೂ ಬೇಸರ ಏರುತ್ತದೆ ಅಂತ ಪ್ರಯೋಗದಲ್ಲಿ ಕಂಡುಬಂದಿದೆ.

ಆಮೇಲೆ ಫೋಟೋ. ಫೋಟೋದಲ್ಲಿ ಇನ್ನೂ ಕೆಟ್ಟದಾಗಿ ಕಾಣುತ್ತದೆ, ಅದಕ್ಕೆ ಎರಡು ಕಾರಣ. ಒಂದು ದೂರ. ಕ್ಯಾಮೆರಾಗೆ ಹತ್ತಿರ ಇರುವುದು ದೊಡ್ಡದಾಗಿ ಬೀಳುತ್ತದೆ, ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಮೂಗು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೋಗಿಂತ ಸುಮಾರು ಶೇಕಡಾ 30ರಷ್ಟು ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಇನ್ನೊಂದು ಎಡ ಬಲ. ನಮಗೆ ಅಭ್ಯಾಸವಾಗಿರುವುದು ಕನ್ನಡಿಯ ಮುಖ. ಫೋಟೋದಲ್ಲಿ ಅದು ಅದಲುಬದಲಾಗಿ ಓರೆ ಕಾಣುತ್ತದೆ. 1977ರ ಒಂದು ಪ್ರಯೋಗದಲ್ಲಿ ಜನರಿಗೆ ತಮ್ಮ ಕನ್ನಡಿ ರೂಪದ ಫೋಟೋ ಹಿಡಿಸಿತು, ಅವರ ಆಪ್ತರಿಗೆ ಸರಿಯಾದ ಫೋಟೋ ಹಿಡಿಸಿತು. ಯಾರಿಗೆ ಯಾವುದು ಅಭ್ಯಾಸವೋ ಅದೇ ಚೆಂದ.

ಅಲ್ಲಿಂದ ಅಮ್ಮನ ಹತ್ತಿರ. "ಅಮ್ಮ, ನಿಜ ಹೇಳು, ದೊಡ್ಡದಾಗಿದೆ ಅಲ್ವಾ?" "ಇಲ್ಲ ಕಣೋ, ರಾಜಕುಮಾರನ ಹಾಗಿದೀಯ." ಸಮಾಧಾನ. ಹತ್ತು ನಿಮಿಷ. ಆಮೇಲೆ, ಅಮ್ಮ ಹಾಗೆ ಹೇಳದೇ ಇನ್ನೇನು ಹೇಳ್ತಾಳೆ ಅನ್ನುವ ಅನುಮಾನ. ಮತ್ತೆ ಕೇಳುವುದು. ಅಮ್ಮ ಒಂದು ದಿನ ಎಣಿಸಿದರಂತೆ, 23 ಸಲ. 24ನೇ ಸಲ ರೇಗಿದರು: "ಹೌದಪ್ಪ, ದೊಡ್ಡದಿದೆ, ಏನೀಗ?" ಅವನ ನೆನಪಿನಲ್ಲಿ ಉಳಿದದ್ದು ಆ 24ನೆಯದು.

ಮಾಸ್ಕ್ ಕೂಡ ಇದೇ ಚಕ್ರದ ಹಲ್ಲು. ಮಾಸ್ಕ್ ಹಾಕಿದ ದಿನ ಯಾರೂ ಏನೂ ಅನ್ನಲಿಲ್ಲ. ಅದರಿಂದ ಅವನು ಕಲಿತದ್ದು, 'ಮಾಸ್ಕ್ ಇತ್ತು, ಬಚಾವಾದೆ' ಅಂತ. ಮಾಸ್ಕ್ ಇಲ್ಲದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ ಅನ್ನುವುದನ್ನು ತಿಳಿಯುವ ಅವಕಾಶವೇ ಇಲ್ಲ.

ಇದರ ಮೇಲೆ ವಯಸ್ಸಿನದೇ ಒಂದು ಗುಣ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂತ ಅನ್ನಿಸುವ ವಯಸ್ಸದು. ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು 'ಕಲ್ಪನೆಯ ಪ್ರೇಕ್ಷಕರು' ಅಂತ ಕರೆದ. ಹದಿಹರೆಯದವರು ಸದಾ ವೇದಿಕೆ ಮೇಲಿರುತ್ತಾರೆ, ಎದುರಿಗೆ ಪ್ರೇಕ್ಷಕರೂ ಹದಿಹರೆಯದವರೇ, ಅವರೂ ತಾವೇ ವೇದಿಕೆ ಮೇಲಿದ್ದೇವೆ ಅಂದುಕೊಂಡವರು. ನೆನೆಸಿಕೊಂಡರೆ ನಗು ಬರುತ್ತದೆ. ವೇದಿಕೆ ಮೇಲಿರುವವನಿಗೆ ಬರುವುದಿಲ್ಲ.

ಇನ್ನೊಂದು ಅಂಶವನ್ನು ನಾನು ಅವನ ನೋಟ್‌ಬುಕ್ಕಿನಲ್ಲಿ ಕಂಡೆ. ಒಂದು ಅಕ್ಷರ ತಪ್ಪಾದರೆ ಪುಟವನ್ನೇ ಹರಿದು ಮತ್ತೆ ಬರೆಯುವ ಹುಡುಗ. ಪುಟ ಹರಿಯಬಹುದು. ಮೂಗು ಹರಿಯುವ ಹಾಗಿಲ್ಲ.

ಅಪ್ಪನ ಪ್ರಶ್ನೆ

ಅಪ್ಪ ಒಂದೇ ಸಲ ಬಂದರು, ಕೈಕಟ್ಟಿ ಕೂತರು. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮೇಡಂ? ಅದೂ ಗಂಡು ಹುಡುಗನಿಗೆ? ಎಲ್ಲ ಫೋನಿನ ಹಾವಳಿ. ಒಡೆದು ಹಾಕ್ತೀನಿ."

ಅವರು ಹೇಳಿದ್ದರಲ್ಲಿ ಒಂದು ಪಾಲು ಸರಿ. ಚಿತ್ರಗಳ ಪ್ರವಾಹಕ್ಕೆ ಶಕ್ತಿ ಇದೆ. ಫಿಜಿ ದ್ವೀಪದ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಅಲ್ಲಿನ ಹದಿಹರೆಯದ ಹುಡುಗಿಯರನ್ನು ಸಂಶೋಧಕಿ ಆ್ಯನ್ ಬೆಕರ್ ಆಗೊಮ್ಮೆ, 1998ರಲ್ಲಿ ಇನ್ನೊಮ್ಮೆ ಸಮೀಕ್ಷೆ ಮಾಡಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ಮೇಲೆ ಶೇಕಡಾ 11.3. ದುಂಡಗಿನ ಮೈಯೇ ಚೆಂದ ಅನ್ನುತ್ತಿದ್ದ ಜಾಗ ಅದು. ಇನ್ನು ಫೋನಾದರೆ ನಾವು ಎಲ್ಲಿ ಕಣ್ಣು ನಿಲ್ಲಿಸುತ್ತೇವೋ ಅದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಈ ಹುಡುಗ ಮೂಗಿನ ಒಂದು ವಿಡಿಯೋ ಪೂರ್ತಿ ನೋಡಿದ. ಒಂದು ವಾರದಲ್ಲಿ ಅವನ ಫೋನ್ ಪೂರ್ತಿ ಮೂಗು.

ಆದರೆ ತೊಂದರೆ ಫೋನಿಗಿಂತ ಬಹಳ ಹಳೆಯದು. ಮೈಯ ಒಂದು ಭಾಗ ವಿಕಾರವಾಗಿದೆ ಅನ್ನುವ ಭಯದಿಂದ ದಿನವಿಡೀ ಕನ್ನಡಿ ನೋಡುವವರ ಬಗ್ಗೆ ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲೇ ಬರೆದಿದ್ದ. ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ, ಕೊರಗುವ ಜಾಗ ಬೇರೆ ಇರುತ್ತದೆ ಅಷ್ಟೆ. ಹುಡುಗಿಯರಲ್ಲಿ ತೂಕ, ತೊಡೆ, ಚರ್ಮ ಜಾಸ್ತಿ ಕೇಳುತ್ತೇವೆ. ಹುಡುಗರಲ್ಲಿ ಎತ್ತರ, ಕೂದಲು, ತೋಳು. ಕಟ್ಟುಮಸ್ತಾದ ಮೈ ಇದ್ದೂ ತಾನು ಕಡ್ಡಿ ಅಂತ ಕೊರಗುವವರಿಗೆ 1997ರಲ್ಲಿ ಮನೋವೈದ್ಯ ಹ್ಯಾರಿಸನ್ ಪೋಪ್ ಅವರ ತಂಡ 'ಮಸಲ್ ಡಿಸ್ಮಾರ್ಫಿಯಾ' ಅಂತ ಹೆಸರು ಕೊಟ್ಟಿತು. ಹುಡುಗರು ಹೇಳುವುದಿಲ್ಲ, ಅದೇ ವ್ಯತ್ಯಾಸ. 'ಗಂಡು ಹುಡುಗನಿಗೆ?' ಅನ್ನುವ ಪ್ರಶ್ನೆ ಮನೆಯಲ್ಲೇ ಇದ್ದರೆ ಹೇಗೆ ಹೇಳುತ್ತಾರೆ?

ಅಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. ಫೋನ್ ಒಡೆಯಬೇಡಿ, ಬಾತ್‌ರೂಮಿನಲ್ಲಿ ಕನ್ನಡಿ ಇದೆ ಅಂದೆ. ಕೈ ಬಿಚ್ಚಿದರು.

ಹೆಸರು ಇಡುವ ಮೊದಲು

ಮೈ ಬಗ್ಗೆ ಬೇಸರ ಆ ವಯಸ್ಸಿನಲ್ಲಿ ಸಾಮಾನ್ಯ. ಮೊಡವೆ ಬಂದ ದಿನ ಶಾಲೆಗೆ ಹೋಗಲ್ಲ ಅನ್ನುವ ಮಗುವಿಗೆ ಕಾಯಿಲೆಯ ಹೆಸರು ಅಂಟಿಸಬಾರದು. ಯೋಚನೆ ದಿನಕ್ಕೆ ಎಷ್ಟು ಹೊತ್ತು ತಿನ್ನುತ್ತಿದೆ, ನೋಡಿಕೊಳ್ಳುವುದು, ಮುಚ್ಚಿಕೊಳ್ಳುವುದು, ಕೇಳುವುದು ಎಷ್ಟು ನಡೆಯುತ್ತಿದೆ, ಓದು, ಆಟ, ಗೆಳೆತನ ಎಷ್ಟು ಕಳೆದುಹೋಗಿವೆ ಅಂತ ನೋಡಬೇಕು. ಮೂರೂ ಕಡೆ ಇವನ ಲೆಕ್ಕ ಮಿತಿ ದಾಟಿತ್ತು. ಊಟ ಬಿಡುವುದು, ತೂಕದ ಭಯ ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ, ಮೊದಲು ಮೈ ತಪಾಸಣೆ ಆಗಬೇಕಿತ್ತು.

ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಈ ತೊಂದರೆಯಲ್ಲಿ ಆ ಯೋಚನೆ ಬಹಳ ಜನರಿಗೆ ಬರುತ್ತದೆ, ಕೇಳಲೇಬೇಕು. "ಒಂದೊಂದ್ಸಲ ಇಲ್ದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ. ಆದ್ರೆ ಏನೂ ಮಾಡ್ಕೊಳ್ಳಲ್ಲ" ಅಂದ. ಅವನ ಒಪ್ಪಿಗೆಯಿಂದಲೇ ಮನೆಯವರಿಗೆ ತಿಳಿಸಿದೆ, ಅದೇ ವಾರ ಮನೋವೈದ್ಯರು ನೋಡಿದರು. ಅವರು ಹೇಳಿದ್ದು 'ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್', ಅಂದರೆ ಮೈಯ ಒಂದು ಭಾಗ ವಿಕಾರವಾಗಿದೆ ಅನ್ನುವ ಯೋಚನೆ ಬಿಡದೆ ಕಾಡುವ ಕಾಯಿಲೆ. 2013ರಲ್ಲಿ ಬಂದ ಅಮೆರಿಕದ ಮಾನಸಿಕ ಕಾಯಿಲೆಗಳ ವರ್ಗೀಕರಣ, ಡಿಎಸ್ಎಂ-5, ಇದನ್ನು ಒಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಒಂದೇ ಕೆಲಸವನ್ನು ಮಾಡುತ್ತಲೇ ಇರುವ ಗೀಳು) ಇರುವ ಗುಂಪಿಗೆ ಸೇರಿಸಿತು. ಕೈ ತೊಳೆದು ತೊಳೆದು ಸಾಕಾಗದವರು ಒಂದು ಕಡೆ, ನೋಡಿ ನೋಡಿ ಸಾಕಾಗದವರು ಇನ್ನೊಂದು ಕಡೆ. ಮೊದಲು ಮಾತಿನ ಚಿಕಿತ್ಸೆ ನಡೆಯಲಿ, ಎರಡು ತಿಂಗಳಲ್ಲಿ ಇಳಿಯದಿದ್ದರೆ ಔಷಧಿ ಸೇರಿಸೋಣ ಅಂತ ಮಾತಾಯಿತು.

ಮೂಗಿನ ಆಪರೇಷನ್ ಮಾತು ಅಮ್ಮನೇ ತೆಗೆದರು. "18 ಆದ್ಮೇಲೆ ಮಾಡಿಸಿಬಿಡೋಣ ಅಂತ ಹೇಳಿದ್ರೆ ಸಮಾಧಾನ ಆಗ್ತಾನಲ್ವಾ?" ಈ ತೊಂದರೆ ಇರುವವರಿಗೆ ಆಪರೇಷನ್ನಿನಿಂದ ನೆಮ್ಮದಿ ಸಿಗುವುದು ಅಪರೂಪ. ಅದೇ ಜಾಗದ ಬಗ್ಗೆ ಕೊರಗು ಉಳಿಯುತ್ತದೆ, ಇಲ್ಲಾ ಬೇರೆ ಜಾಗಕ್ಕೆ ಹೋಗುತ್ತದೆ.

ನಾನು ಮಾಡಿದ ತಪ್ಪು

ನಾಲ್ಕನೇ ವಾರ ನನಗೆ ಬುದ್ಧಿವಂತಿಕೆ ತೋರಿಸುವ ಆಸೆಯಾಯಿತು. ಅವನ ಫೋನಿನಲ್ಲೇ ಎರಡು ಫೋಟೋ ತೆಗೆದೆವು. ಒಂದು ಕೈಯಳತೆಯಲ್ಲಿ. ಇನ್ನೊಂದು ಐದು ಅಡಿ ಆಚೆಯಿಂದ, ಮುಖ ಅಷ್ಟೇ ದೊಡ್ಡದಾಗುವ ಹಾಗೆ ಜೂಮ್ ಮಾಡಿ. ಸ್ಕೇಲ್ ಅವನ ಕೈಗೇ ಕೊಟ್ಟೆ. ಅಳೆದ. ಮತ್ತೆ ಅಳೆದ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, "ಹಾಗಾದ್ರೆ ಜನ ನನ್ನನ್ನ ಎಷ್ಟು ದೂರದಿಂದ ನೋಡ್ತಾರೆ?" ಅಂದ. ನಾನು ಗೆದ್ದೆ ಅಂದುಕೊಂಡೆ.

ಮುಂದಿನ ವಾರ ಬಂದಾಗ 'ಗಣಿತ' ಆಲ್ಬಂಗೆ 60 ಹೊಸ ಫೋಟೋ ಸೇರಿದ್ದವು. ಎಲ್ಲವೂ ಐದು ಅಡಿ ದೂರದಿಂದ. ನೆಲದ ಮೇಲೆ ಟೇಪ್ ಅಂಟಿಸಿ ದೂರ ಗುರುತು ಮಾಡಿಕೊಂಡಿದ್ದ. ಈಗ ಅಳತೆ ಸರಿ ಬಂದ ದಿನ ಖುಷಿ, ಎರಡು ಮಿಲಿಮೀಟರ್ ಹೆಚ್ಚು ಬಂದ ದಿನ ಜ್ವರ.

ನಾನು ಅವನ ಕೈಗೆ ಇನ್ನೂ ಒಳ್ಳೆಯ ಸ್ಕೇಲ್ ಕೊಟ್ಟಿದ್ದೆ! 'ಮನೆ ಮುಟ್ಟೋವರೆಗೆ' ಅಂದಿದ್ದು ಆಗ ಸರಿಯಾಗಿ ಕೇಳಿಸಿತು. ಮೂಗು ಸಣ್ಣದು ಅಂತ ಸಾಬೀತು ಮಾಡಲು ಹೊರಟವರೆಲ್ಲ, ಅಮ್ಮನೂ ನಾನೂ, ಮೂಗೇ ಮುಖ್ಯ ಅಂತ ಒಪ್ಪಿಕೊಂಡ ಹಾಗೆ. ವಾದ ಮಾಡಿದಷ್ಟೂ ಮೂಗು ಬೆಳೆಯುತ್ತದೆ.

ಅವತ್ತಿನಿಂದ ಮೂಗಿನ ಅಳತೆಯ ಚರ್ಚೆ ನಿಲ್ಲಿಸಿದೆವು. ಅದು ನನ್ನ ತಪ್ಪು ಅಂತ ಅವನಿಗೆ ಹೇಳಿದೆ. ಬಹಳ ಖುಷಿಪಟ್ಟ.

ಅಮ್ಮ ಉತ್ತರ ಕೊಡದೇ ಇದ್ದ ವಾರ

ಎಲ್ಲಕ್ಕಿಂತ ಕಷ್ಟದ ಕೆಲಸ ಬಿದ್ದದ್ದು ಅಮ್ಮನ ಮೇಲೆ. ಮಗ ಕೇಳಿದಾಗ ಉತ್ತರ ಕೊಡಬಾರದು. ರೇಗಲೂಬಾರದು. ಮೊದಲೇ ಮೂವರೂ ಕೂತು ಒಂದು ವಾಕ್ಯ ಗೊತ್ತುಮಾಡಿದೆವು, ಅದರ ಮಾತುಗಳನ್ನು ಅವನೇ ಆರಿಸಿದ: "ಈಗ ಹೆದರಿಕೆ ಬಂದಿದೆ ಅಲ್ವಾ? ಮೂಗಿನ ವಿಷಯ ಮಾತಾಡಲ್ಲ, ಪಕ್ಕದಲ್ಲಿ ಕೂತ್ಕೋತೀನಿ."

ಮೊದಲ ಮೂರು ದಿನ ಮನೆ ರಣರಂಗ. ಉತ್ತರ ಕೊಡಲ್ಲ ಅಂದ್ರೆ ದೊಡ್ಡದಿದೆ ಅಂತಲೇ ಅರ್ಥ ಅಂತ ಬಾಗಿಲು ಬಡಿದ. ಅಮ್ಮ ನನಗೆ ಫೋನ್ ಮಾಡಿ ಅತ್ತರು. "ಒಂದು ಮಾತು ಚೆನ್ನಾಗಿದೀಯ ಅಂದ್ರೆ ಏನ್ ಹೋಗುತ್ತೆ ಮೇಡಂ?" ಈ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ತುರಿಕೆ ಉದಾಹರಣೆ ಕೊಟ್ಟೆ, ಕೆರೆದರೆ ಆರಾಮ, ಆದರೆ ಹುಣ್ಣು ಮಾಗಲ್ಲ ಅಂತ. ಅವರಿಗೆ ಅದು ಸಮಾಧಾನ ತಂದಿತು ಅಂತ ನನಗನ್ನಿಸಲಿಲ್ಲ. ಆದರೂ ಮಾತು ಉಳಿಸಿಕೊಂಡರು. ಒಂಬತ್ತನೇ ದಿನ ಅವನು ಕೇಳಿದ್ದು ನಾಲ್ಕೇ ಸಲ.

ಆ ವಾರವೇ ಇನ್ನೊಂದು ಆಯಿತು, ನಾನು ಹೇಳಿದ್ದಲ್ಲ. ಫೋಟೋ ತೆಗೆಯುವಾಗ ಅಮ್ಮ ಮುಂದಿನ ಸಾಲಿಗೆ ಬಂದು ನಿಂತರು. ಯಾಕೆ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುಡುಗ ಗಮನಿಸಿದ್ದ.

ಮಾಸ್ಕ್ ಇಳಿದದ್ದು

ಒಂದೇ ದಿನಕ್ಕೆ ಇಳಿಯಲಿಲ್ಲ. ಮೆಟ್ಟಿಲು ಮಾಡಿಕೊಂಡೆವು. ಮೊದಲು ನನ್ನ ಕೋಣೆಯಲ್ಲಿ ಐದು ನಿಮಿಷ. ಆಮೇಲೆ ಪೂರ್ತಿ ಭೇಟಿ. ಆಮೇಲೆ ಬೀದಿಯ ಕೊನೆಯವರೆಗೆ ನಡೆದು ವಾಪಸ್. ಆಮೇಲೆ ಲೈಬ್ರರಿ. ಶಾಲೆ ಎಲ್ಲದಕ್ಕೂ ಮೇಲೆ. ಪ್ರತಿ ಮೆಟ್ಟಿಲಿಗೂ ಮೊದಲು ಏನಾಗುತ್ತದೆ ಅಂತ ಬರೆಯಬೇಕು, ಆಮೇಲೆ ಏನಾಯಿತು ಅಂತ ಬರೆಯಬೇಕು. ಬೀದಿಗೆ ಹೋಗುವ ಮೊದಲು ಬರೆದದ್ದು: 'ಹತ್ತರಲ್ಲಿ ಒಂಬತ್ತು ಜನ ದಿಟ್ಟಿಸಿ ನೋಡುತ್ತಾರೆ.' ವಾಪಸ್ ಬಂದು ಬರೆದದ್ದು: '14 ಜನ ಸಿಕ್ಕರು. ಒಬ್ಬರು ನೋಡಿದರು. ಟೈಮ್ ಎಷ್ಟು ಅಂತ ಕೇಳಿದರು.'

ಲೈಬ್ರರಿಯಿಂದ ಬಂದ ದಿನ ಮಾತ್ರ ಹಟ ಹಿಡಿದ. ಎದುರಿಗಿದ್ದವರು ಮುಖ ತಿರುಗಿಸಿದ್ದು ಖಂಡಿತ ತನ್ನ ಮೂಗು ನೋಡಿಯೇ ಅಂತ. ಅವನಿಗೆ ಮನೋವಿಜ್ಞಾನಿಗಳಾದ ರಾಬರ್ಟ್ ಕ್ಲೆಕ್ ಮತ್ತು ಏಂಜೆಲೊ ಸ್ಟ್ರೆಂಟಾ 1980ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ ಹೇಳಿದೆ. ಮೇಕಪ್ಪಿನಿಂದ ಮುಖದ ಮೇಲೆ ದೊಡ್ಡ ಗಾಯದ ಗುರುತು ಬರೆದು, ಕನ್ನಡಿಯಲ್ಲಿ ತೋರಿಸಿದರು. ಒಣಗದಿರಲಿ, ಸ್ವಲ್ಪ ಕ್ರೀಮ್ ಹಚ್ಚುತ್ತೇವೆ ಅನ್ನುವ ನೆಪದಲ್ಲಿ ಗೊತ್ತಾಗದ ಹಾಗೆ ಅದನ್ನು ಒರೆಸಿಬಿಟ್ಟರು. ಆಮೇಲೆ ಅಪರಿಚಿತರ ಜೊತೆ ಮಾತಿಗೆ ಕೂರಿಸಿದರು. ಗಾಯ ಇದೆ ಅಂದುಕೊಂಡವರು ವಾಪಸ್ ಬಂದು, ಎದುರಿನವರು ತಮ್ಮ ಜೊತೆ ಬಿಗಿಯಾಗಿದ್ದರು, ಗಾಯದಿಂದಲೇ ಹಾಗೆ ನಡೆದುಕೊಂಡರು ಅಂತ ಹೇಳಿದರು. ಮುಖದ ಮೇಲೆ ಏನೂ ಇರಲಿಲ್ಲ.

ಹುಡುಗ ಎರಡು ಸಲ ಕೇಳಿದ, "ಏನೂ ಇರ್ಲಿಲ್ವಾ?" ಅಂತ. ಈ ಕಥೆ ಅವನ ಒಳಗೆ ಕೂತಿತು. ಇದರಲ್ಲಿ ಅಳೆಯುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಇರಬೇಕು.

ಕನ್ನಡಿಯನ್ನು ಬಿಡಿಸಲಿಲ್ಲ, ಬಳಸುವ ಕ್ರಮ ಬದಲಿಸಿದೆವು. ಒಂದು ತೋಳು ದೂರ, ದಿನಕ್ಕೆ ಎರಡು ಸಲ, ಹಲ್ಲುಜ್ಜುವಾಗ ಮತ್ತು ತಲೆ ಬಾಚುವಾಗ. ನನ್ನ ಕೋಣೆಯಲ್ಲಿ ಪೂರ್ತಿ ಮುಖ ನೋಡಿ, ಒಳ್ಳೆಯದು ಕೆಟ್ಟದ್ದು ಅನ್ನದೆ ಬರೀ ಇದ್ದದ್ದನ್ನು ಹೇಳುವ ಅಭ್ಯಾಸ. "ಹುಬ್ಬು ಕಪ್ಪು. ಎಡಗೆನ್ನೆ ಮೇಲೆ ಮಚ್ಚೆ. ಇದು ಯಾವಾಗಿಂದ ಇದೆ?" ಹುಟ್ಟಿದಾಗಿನಿಂದ ಇತ್ತು.

ಹತ್ತನೇ ವಾರ ಎಲ್ಲ ಕುಸಿಯಿತು. ಯಾರೋ ಇವನ ಫೋಟೋವನ್ನು ಸ್ಟಿಕ್ಕರ್ ಮಾಡಿ ಕ್ಲಾಸಿನ ಗ್ರೂಪಿಗೆ ಹಾಕಿದ್ದರು. ನಾಲ್ಕು ದಿನ ಶಾಲೆಗೆ ಹೋಗಲಿಲ್ಲ, ಮಾಸ್ಕ್ ಮತ್ತೆ ಏರಿತು. ಎಲ್ಲ ಭಯವೂ ಕಲ್ಪನೆ ಅಲ್ಲ, ಮಕ್ಕಳು ಚುಡಾಯಿಸುತ್ತಾರೆ, ಅದು ನೋಯುತ್ತದೆ. ಅದನ್ನು 'ನಿನ್ನ ಮನಸ್ಸಿನ ಆಟ' ಅಂದಿದ್ದರೆ ಅವನು ಮತ್ತೆ ನನ್ನ ಬಾಗಿಲು ತಟ್ಟುತ್ತಿರಲಿಲ್ಲ, ತಟ್ಟಬೇಕಾದ್ದೂ ಇಲ್ಲ. ಕ್ಲಾಸ್ ಟೀಚರ್ ಜೊತೆ ಮಾತಾಡಿದೆವು, ಸ್ಟಿಕ್ಕರ್ ಹೋಯಿತು. ಐದನೇ ದಿನ ಹೋಗುವ ಮೊದಲು ಅವನು ಬರೆದ: 'ಎಲ್ಲರೂ ನಗುತ್ತಾರೆ.' ಸಂಜೆ ಬರೆದ: 'ಇಬ್ಬರು ನಕ್ಕರು. ಒಬ್ಬ ಸಾರಿ ಅಂದ. ಉಳಿದವರು ಟೆಸ್ಟ್ ಬಗ್ಗೆ ಮಾತಾಡ್ತಿದ್ರು.' ಔಷಧಿ ಬೇಕಾ ಅಂತ ಮನೋವೈದ್ಯರು ಮತ್ತೆ ನೋಡಿದರು, ಸದ್ಯಕ್ಕೆ ಬೇಡ ಅಂದರು. ಬೇಕಾಗುವ ಮಕ್ಕಳಿದ್ದಾರೆ, ಅದರಿಂದ ಒಳ್ಳೆಯದಾದವರೂ ಇದ್ದಾರೆ.

ಹದಿನಾಲ್ಕನೇ ವಾರಕ್ಕೆ ಮೂರೂವರೆ ಗಂಟೆ ನಲವತ್ತು ನಿಮಿಷಕ್ಕೆ ಇಳಿದಿತ್ತು. ಶಾಲೆಯಲ್ಲಿ ಮಾಸ್ಕ್ ಇಲ್ಲ. ಬೌಲಿಂಗ್ ಶುರುವಾಗಿತ್ತು. 'ಗಣಿತ' ಆಲ್ಬಂ ಅಳಿಸಿದೆಯಾ ಅಂತ ನಾನು ಕೇಳಲಿಲ್ಲ.

ಹದಿನಾರನೇ ಭೇಟಿಗೆ ಮಾಸ್ಕ್ ಹಾಕಿಕೊಂಡು ಬಂದ. ನನ್ನ ಎದೆ ಧಸಕ್ಕೆಂದಿತು. ಮುಖದಲ್ಲಿ ಅದು ಕಾಣಿಸಿರಬೇಕು.

"ನೆಗಡಿ ಮೇಡಂ" ಅಂದ. "ನಿಮಗೆ ಅಂಟದಿರ್ಲಿ ಅಂತ."

ಕುರ್ಚಿ ಎಳೆಯದೆ ಇದ್ದ ಕಡೆಯೇ ಕೂತ. ಮಾಸ್ಕ್ ಇಳಿಸಿ, ಜೇಬಿನಿಂದ ಕರ್ಚೀಫ್ ತೆಗೆದು, ಕೋಣೆಯೆಲ್ಲ ಕೇಳುವ ಹಾಗೆ ಮೂಗು ಸೀಟಿದ. ಮೂಗು ಕೆಂಪಗೆ ಊದಿತ್ತು. ಒರೆಸಿಕೊಂಡು ಮಾಸ್ಕ್ ಏರಿಸಿ, ಶನಿವಾರದ ಮ್ಯಾಚಿನಲ್ಲಿ ಮೂರು ವಿಕೆಟ್ ತೆಗೆದ ಕಥೆ ಶುರುಮಾಡಿದ.